ಅಪ್ಪೆಮಿಡಿಯ ಹಸಿರು ಮತ್ತು ಆಫ್‌ಸೆಟ್ ಮುದ್ರಣ: ಐದು ವರ್ಷಗಳ ಬಳಕೆಯ ನಂತರ

ಸಾಗರದ ಸುತ್ತಮುತ್ತ ಉಪ್ಪಿನಕಾಯಿ, ಜೋನಿಬೆಲ್ಲ, ಅಡಿಕೆ ಹಾಳೆಯ ತಟ್ಟೆ ಮಾಡಿ ಮಾರುವವರಿಗೆ ಲೇಬಲ್ ವಿನ್ಯಾಸ ಮಾಡಿಕೊಡುವುದು ನನ್ನ ಉದ್ಯೋಗ. 2020ರಿಂದ ಅವುಗಳನ್ನು ಶಿವಮೊಗ್ಗದ ಒಂದೇ ಆಫ್‌ಸೆಟ್ ಮುದ್ರಣಾಲಯದಲ್ಲಿ ಮುದ್ರಿಸುತ್ತಿದ್ದೇನೆ. ಕತ್ತರಿಕೆಯಲ್ಲಾಗಲಿ, ಹೇಳಿದ ದಿನಕ್ಕೆ ಕೊಡುವುದರಲ್ಲಾಗಲಿ ದೂರುವಂಥದ್ದೇನೂ ಇಲ್ಲವಾದ್ದರಿಂದ ಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲ ಕೆಲಸವೇ ಕೆಟ್ಟಿತು. ಕಂಪ್ಯೂಟರಿನಲ್ಲಿ ಆಗಷ್ಟೇ ಕೊಯ್ದ ಅಪ್ಪೆಮಿಡಿಯಂತೆ ಹೊಳೆಯುತ್ತಿದ್ದ ಹಸಿರು, ಮುದ್ರಣವಾಗಿ ಬಂದಾಗ ಭರಣಿಯ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೂತ ಮಿಡಿಯ ಬಣ್ಣಕ್ಕೆ ತಿರುಗಿತ್ತು. ತಪ್ಪು ನನ್ನದೇ, ನಾನು ಕಳುಹಿಸಿದ್ದು ಆರ್‌ಜಿಬಿ ಕಡತ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ ಬಣ್ಣ ಹೇಳುವ ಕಡತ. ಪರದೆ ತಾನೇ ಬೆಳಕನ್ನು ಸೂಸುತ್ತದೆ, ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಹಾಗಾಗಿ ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ನೇರಳೆ ಬೆರೆತ ಕೆಂಪು), ಹಳದಿ, ಕಪ್ಪು ಶಾಯಿಗಳಿಗೆ ಆ ಹೊಳಪು ನಿಲುಕುವುದೇ ಇಲ್ಲ. ಅಂದಿನಿಂದ ಕಡತವನ್ನು ನಾನೇ ಈ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಅಂದರೆ ಸಿಎಂವೈಕೆಗೆ ಬದಲಿಸಿ, ಹಸಿರಿನೊಳಗೆ ನುಸುಳಿದ ಮೆಜೆಂಟಾವನ್ನು ಆದಷ್ಟು ಇಳಿಸಿ ಕಳುಹಿಸುತ್ತೇನೆ. ಹಸಿರನ್ನು ಮಂಕಾಗಿಸುವುದು ಅದೇ. ಪರದೆಯ ಬೆಳಕನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಿದ್ದೇನೆ.

ಆದರೆ ನನ್ನ ಕೈಯಲ್ಲಿಲ್ಲದ ಸಂಗತಿ 2022ರಲ್ಲಿ ಎದುರಾಯಿತು. ಅದೇ ಕಡತ, ಅದೇ ಆರ್ಟ್ ಪೇಪರ್ (ಲೇಪನವಿರುವ ನುಣುಪು ಕಾಗದ). ಆದರೂ ಒಂದೇ ಬಾರಿಗೆ ಬಂದ ಲೇಬಲ್‌ಗಳಲ್ಲಿ ಅರ್ಧ ಸರಿಯಾದ ಹಸಿರು, ಅರ್ಧ ಕಂದು ಬೆರೆತ ಹಸಿರು. ಯಂತ್ರದ ಬಳಿ ಹೋಗಿ ಕತ್ತರಿಸದ ಹಾಳೆಯನ್ನು ನೋಡಿದಾಗ ಕಾರಣ ತಿಳಿಯಿತು. ಖರ್ಚು ಉಳಿಸಲು ಬೇರೆಯವರ ಲಗ್ನಪತ್ರಿಕೆಯನ್ನೂ ನನ್ನ ಲೇಬಲನ್ನೂ ಒಂದೇ ಹಾಳೆಯಲ್ಲಿ ಕೂರಿಸಿದ್ದರು. ಆಫ್‌ಸೆಟ್ ಯಂತ್ರದಲ್ಲಿ ಶಾಯಿಯನ್ನು ಹಾಳೆಯ ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಹೆಚ್ಚು ಕಡಿಮೆ ಮಾಡಬಹುದೇ ಹೊರತು, ಒಂದೇ ಪಟ್ಟಿಯಲ್ಲಿ ಹಿಂದೆ ಮುಂದೆ ಇರುವ ಎರಡು ಕೆಲಸಗಳಿಗೆ ಬೇರೆ ಬೇರೆ ಅಳತೆ ಕೊಡಲಾಗದು. ಪತ್ರಿಕೆಯ ಕಡುಗೆಂಪಿಗಾಗಿ ಏರಿಸಿದ ಮೆಜೆಂಟಾ, ಅದೇ ಪಟ್ಟಿಯಲ್ಲಿದ್ದ ನನ್ನ ಮಿಡಿಗಳಿಗೂ ಬಡಿದಿತ್ತು. "ಇಲ್ಲಿ ಕೆಂಪು ಇಳಿಸಿದ್ರೆ ಮದುವೆ ಮನೆಯವರು ಬಂದು ನನ್ನ ಕೇಳ್ತಾರೆ ಸಾರ್" ಎಂದರು ಯಂತ್ರ ನಡೆಸುವವರು. ಅವರ ಮಾತು ನ್ಯಾಯವೇ, ಆದರೆ ಮೊದಲೇ ಹೇಳದೆ ಕೂರಿಸಿದ್ದು ನ್ಯಾಯವಲ್ಲ. ಈಗ ಹೆಚ್ಚು ಹಣ ಕೊಟ್ಟು ಹಾಳೆ ಪೂರ್ತಿ ನನ್ನದೇ ಇರುವಂತೆ ನೋಡಿಕೊಳ್ಳುತ್ತೇನೆ.

ಪ್ರೂಫ್, ಅಂದರೆ ಮುದ್ರಣಕ್ಕೆ ಮೊದಲು ತೋರಿಸುವ ಮಾದರಿ ಪ್ರತಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಅವರು ತೋರಿಸುವುದು ಡಿಜಿಟಲ್ ಯಂತ್ರದ ಪ್ರೂಫ್. ಅಕ್ಷರದೋಷ ನೋಡಲು ಅದು ಸಾಕು, ಆದರೆ ಬಣ್ಣಕ್ಕೆ ಅದನ್ನು ನಂಬಿ ನಾನು ಎರಡು ಸಲ ಮೋಸಹೋದೆ. ಲೇಪನವಿಲ್ಲದ ಮ್ಯಾಪ್ಲಿಥೋ ಕಾಗದದ ಕೆಲಸವಾದರಂತೂ ಶಾಯಿ ಒಳಗಿಳಿದು ಒಣಗಿದ ಮೇಲೆ ಬಣ್ಣ ಇನ್ನೂ ಒಂದು ಪಾಲು ಕುಗ್ಗುತ್ತದೆ. ನಾನು ಒಪ್ಪಿದ ಹಾಳೆಗೆ ಸಹಿ ಮತ್ತು ತಾರೀಕು ಹಾಕಿ, ಒಂದನ್ನು ಅಲ್ಲಿಯೇ ಬಿಟ್ಟು ಇನ್ನೊಂದನ್ನು ಬೆಳಕು ತಾಗದಂತೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಮರುಮುದ್ರಣಕ್ಕೆ ಅದೇ ಅಳತೆ.

ಆಷಾಢದಲ್ಲಿ ಕೊಡುವ ಕೆಲಸಕ್ಕೆ ನಾನು ಎರಡು ದಿನ ಹೆಚ್ಚೇ ಹಿಡಿಯುತ್ತೇನೆ. ಬಿಚ್ಚಿಟ್ಟ ಕಾಗದದ ಕಟ್ಟು ಥಂಡಿ ಹೀರಿ ಅಂಚುಗಳು ಅಲೆಯಲೆಯಾಗುತ್ತವೆ, ರಿಜಿಸ್ಟರ್ (ಒಂದರ ಮೇಲೊಂದು ಬಣ್ಣ ಕರಾರುವಾಕ್ಕಾಗಿ ಕೂರುವುದು) ತಪ್ಪಿ ಹಸಿರಿನ ಮೇಲಿನ ಸಣ್ಣ ಬಿಳಿ ಅಕ್ಷರಗಳು ಮಸುಕಾಗುತ್ತವೆ, ಶಾಯಿಯೂ ಬೇಗ ಒಣಗುವುದಿಲ್ಲ.

ಉಳಿದ ಕೊರತೆ ಬೆಳಕಿನದು. ಅವರ ಮೇಜಿನ ಮೇಲಿನ ನೀಲಿ ಛಾಯೆಯ ದೀಪದಡಿ ಹಾಳೆ ನೋಡಿ ಒಪ್ಪಿದರೆ, ಹೊರಗೆ ಬಂದಾಗ ಅದು ಬೇರೆಯೇ ಬಣ್ಣ. ಬಾಗಿಲ ಬಳಿ ಹೋಗಿ ನೋಡೋಣವೆಂದರೆ ಜುಲೈ ತಿಂಗಳಲ್ಲಿ ಮಧ್ಯಾಹ್ನವೂ ಮಬ್ಬು. ಕೊನೆಗೆ ನಾನೇ ಹಗಲಿನ ಬಿಳಿ ಬೆಳಕನ್ನು ಹೋಲುವ, 5000 ಕೆಲ್ವಿನ್‌ನ ಒಂದು ಬಲ್ಬು ತಂದು ಹಾಕಿಸಿದೆ. ಈಗ ಬೇರೆ ಗ್ರಾಹಕರೂ ಅದರಡಿಯೇ ಹಾಳೆ ಹಿಡಿದು ನೋಡುತ್ತಾರೆ. ಬಲ್ಬಿನ ದುಡ್ಡು ಮಾತ್ರ ಇನ್ನೂ ಬಂದಿಲ್ಲ.