ನೈರೋಬಿಯಲ್ಲಿ ದುಡ್ಡು ಕೂಡಿಡೋದು ಎಲ್ಲಿ? ಎಂ-ಪೆಸಾ, ಸ್ಯಾಕೊ, ಮೈಕ್ರೋಫೈನಾನ್ಸ್ ಬ್ಯಾಂಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಕ್ರೋಫೈನಾನ್ಸ್ ಬ್ಯಾಂಕಿಗೆ. ನಾನು ನೈರೋಬಿಗೆ ಬಂದು ನಾಲ್ಕು ವರ್ಷ ಆಯ್ತು. ಇಂಡಸ್ಟ್ರಿಯಲ್ ಏರಿಯಾದ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಊರಿಗೆ ಕಳಿಸಿ, ಬಾಡಿಗೆ ಕಟ್ಟಿದ ಮೇಲೆ ತಿಂಗಳಿಗೆ 15,000 ಶಿಲಿಂಗ್ ಉಳಿಯುತ್ತದೆ. ಅದನ್ನು ಮೂರು ಕಡೆ ಇಟ್ಟು ನೋಡಿದ್ದೇನೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಗಾಬರಿಯಾದರು. "ಮೈಕ್ರೋ ಫೈನಾನ್ಸಾ? ಅವರ ಸಹವಾಸ ಬೇಡ ಕಣೋ." ಅವರು ಹೆದರಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಆ ಹೆಸರು ಕೇಳಿದರೆ ನೆನಪಾಗುವುದು ವಾರದ ಕಂತು, ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರು. ಭಾರತದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳು ಸಾಲ ಕೊಡುತ್ತವೆ, ಜನರಿಂದ ಠೇವಣಿ ತಗೊಳ್ಳುವ ಹಾಗಿಲ್ಲ. ಕೀನ್ಯಾದಲ್ಲಿ ಬೇರೆ. 2006ರ ಮೈಕ್ರೋಫೈನಾನ್ಸ್ ಕಾಯ್ದೆ ಪ್ರಕಾರ ಸೆಂಟ್ರಲ್ ಬ್ಯಾಂಕಿನ ಲೈಸೆನ್ಸ್ ಪಡೆದವರು ಠೇವಣಿ ಇಟ್ಟುಕೊಳ್ಳಬಹುದು. ಮೊದಲ ಲೈಸೆನ್ಸ್ 2009ರಲ್ಲಿ ಫೌಲು ಕೀನ್ಯಾಕ್ಕೆ ಸಿಕ್ಕಿತು, ಮರುವರ್ಷ ಕೀನ್ಯಾ ವಿಮೆನ್ ಫೈನಾನ್ಸ್ ಟ್ರಸ್ಟಿಗೆ. ನನ್ನ ಖಾತೆ ಇರುವುದು ಇವೆರಡರಲ್ಲೂ ಅಲ್ಲ, ಇನ್ನೊಂದರಲ್ಲಿ.

ಎಂ-ಪೆಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2007ರಲ್ಲಿ ಶುರುವಾದ, ಫೋನಿನಲ್ಲೇ ದುಡ್ಡು ಇಟ್ಟು ಕಳಿಸುವ ಈ ಸೇವೆ ಇಲ್ಲದೆ ಇಲ್ಲಿ ಬದುಕು ನಡೆಯುವುದೇ ಇಲ್ಲ. ತರಕಾರಿಗೂ ಅದೇ, ಮಟಾಟು ಅನ್ನೋ ಮಿನಿಬಸ್ಸಿನ ಚಾರ್ಜಿಗೂ ಅದೇ. ಆದರೆ ಅದರಲ್ಲೇ ಬಿಟ್ಟ ದುಡ್ಡಿಗೆ ನನಗೆ ಬಡ್ಡಿ ಬರಲಿಲ್ಲ, ತಿಂಗಳ ಕೊನೆಗೆ ದುಡ್ಡೂ ಉಳಿಯಲಿಲ್ಲ. ಜೊತೆ ಕೆಲಸ ಮಾಡುವವರು ಎಂ-ಪೆಸಾ ಜೊತೆಗೇ ಬರುವ ಉಳಿತಾಯ ಖಾತೆ ಎಂ-ಶ್ವಾರಿಯಲ್ಲಿ ಲಾಕ್ ಮಾಡಿ ಇಡುತ್ತಾರೆ. ಕೈ ಬಿಗಿ ಹಿಡಿದು ಖರ್ಚು ಮಾಡುವವರಿಗೆ ಅದು ಸಾಕು.

ಸ್ಯಾಕೊ ಅಂದ್ರೆ ನಮ್ಮ ಪತ್ತಿನ ಸಹಕಾರ ಸಂಘದ ಹಾಗೆ. ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ. ಇಟ್ಟಿದ್ದರ ಮೂರು ಪಟ್ಟು ಸಾಲ ಸಿಗುತ್ತದೆ. ಇಲ್ಲೇ ಜಾಗ ಕೊಳ್ಳುವವರಿಗೆ, ಮನೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಮನಸಾರೆ ಹೇಳುತ್ತೇನೆ. ನನಗೆ ಬೇಕಿದ್ದದ್ದು ಸಾಲ ಅಲ್ಲ, ನನ್ನದೇ ದುಡ್ಡು. ಅಪ್ಪನ ಕಣ್ಣಿನ ಆಪರೇಷನ್ ಅಂತ ತುರ್ತಾಗಿ ಊರಿಗೆ ಹೊರಟಾಗ ಗೊತ್ತಾಯಿತು, ಆ ಠೇವಣಿ ಬೇಕೆಂದಾಗ ತೆಗೆಯುವಂಥದ್ದಲ್ಲ. ಸದಸ್ಯತ್ವ ಬಿಟ್ಟು, 60 ದಿನದ ನೋಟಿಸ್ ಕೊಟ್ಟು ಕಾಯಬೇಕು. ಇಲ್ಲವೇ ಸಾಲ ತಗೋ, ಜಾಮೀನಿಗೆ ಜನ ಕರೆದುಕೊಂಡು ಬಾ. ನಾಳೆ ಊರಿಗೆ ವಾಪಸ್ ಹೋಗಬಹುದಾದವನಿಗೆ ಯಾರು ಜಾಮೀನು ನಿಲ್ಲುತ್ತಾರೆ? ಟಿಕೆಟ್ಟಿಗೆ ಗೆಳೆಯನ ಹತ್ತಿರ ಕೈಸಾಲ ಮಾಡಿದೆ.

ವಾಪಸ್ ಬಂದ ಮೇಲೆ ಗೋದಾಮಿನ ರಸ್ತೆಯಲ್ಲೇ ಇದ್ದ ಮೈಕ್ರೋಫೈನಾನ್ಸ್ ಬ್ಯಾಂಕಿಗೆ ಹೋದೆ. ಖಾತೆ ಸುಲಭವಾಗಿ ಆಯ್ತು, ಎಂ-ಪೆಸಾದಲ್ಲಿ ಸಂಸ್ಥೆಗಳಿಗೆ ದುಡ್ಡು ಕಟ್ಟುವ ಪೇಬಿಲ್‌ನಿಂದ ಫೋನಿನಲ್ಲೇ ದುಡ್ಡು ಹಾಕುತ್ತಾ ಹೋದೆ. ಮೂರನೇ ತಿಂಗಳು ಬಾಡಿಗೆ ಕಟ್ಟಲು 22,000 ಶಿಲಿಂಗ್ ವಾಪಸ್ ಎಂ-ಪೆಸಾಕ್ಕೆ ಕಳಿಸಲು ಹೋದರೆ ಆಗಲಿಲ್ಲ. ಹೆಸರು ತಾಳೆಯಾಗುತ್ತಿಲ್ಲ ಅಂತ ಬಂತು. ಒಳಗೆ ಹೋಗುವ ದುಡ್ಡು ಹೊರಗೆ ಬರುತ್ತಿಲ್ಲ!

ನಮ್ಮ ಇನಿಷಿಯಲ್ಲಿನ ಕಥೆ ಇದು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿದೆ. ಆಫೀಸಿನ ಪತ್ರದಲ್ಲಿ ಬರೀ ಕೆ.ಎಂ. ಸಿಮ್ ನೋಂದಾಯಿಸಿದಾಗ ಊರಿನ ಹೆಸರು ಬಿಟ್ಟುಹೋಗಿತ್ತು. ಮೂರು ಕಾಗದದಲ್ಲಿ ಮೂರು ಮನುಷ್ಯರು. ಇಲ್ಲಿನವರಿಗೆ ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ, ಫಾರಂನಲ್ಲೂ ಮೂರು ಖಾನೆ. ನನ್ನ ಕೆ ಎಲ್ಲೂ ಕೂರಲಿಲ್ಲ.

ಮೊದಲ ಸಲ ಹೋದಾಗ ಕೌಂಟರಿನ ಹುಡುಗ "ಕೆ ನಿ ನಿನಿ?" ಅಂದ. ಕೆ ಅಂದ್ರೆ ಏನು ಅಂತ. ಕಡೂರು, ನಮ್ಮ ಊರು ಅಂದೆ. ಊರು ಯಾಕೆ ಹೆಸರಿನಲ್ಲಿದೆ ಅಂತ ಅವನಿಗೆ ಅರ್ಥವಾಗಲಿಲ್ಲ, ಮುಖ್ಯ ಕಚೇರಿಗೆ ಕಳಿಸುತ್ತೇನೆ ಅಂದ. ಎರಡನೇ ಸಲ ಹೋದರೆ ಉತ್ತರ ಬಂದಿಲ್ಲ. ಒಂಬತ್ತು ದಿನ ಕಳೆಯಿತು, ಮನೆ ಮಾಲೀಕರ ಫೋನ್ ಎರಡು ಸಲ ಬಂತು. ಮೂರನೇ ಸಲ ಒಳಗಿನ ಟೇಬಲ್ಲಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಪಾಸ್‌ಪೋರ್ಟ್ ನೋಡಿ, ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು "ಜಿನಾ ಲಾ ಬಾಬಾ?" ಅಂತ ಕೇಳಿದರು. ಹೌದು, ತಂದೆಯ ಹೆಸರು. ಅಲ್ಲಿಂದ ಹತ್ತೇ ನಿಮಿಷ. ಈ ಮೂರೂ ಹೆಸರು ಒಬ್ಬನದೇ ಅಂತ ಕಮಿಷನರ್ ಫಾರ್ ಓತ್ಸ್ (ನಮ್ಮ ನೋಟರಿ ಹಾಗೆ) ಮುಂದೆ ಅಫಿಡವಿಟ್ ಮಾಡಿಸಿಕೊಂಡು ಬರಲು ಹೇಳಿದರು. ಮಧ್ಯಾಹ್ನವೇ ತಂದುಕೊಟ್ಟೆ. ಮರುದಿನ ದುಡ್ಡು ಫೋನಿಗೆ ಬಂತು.

ಇಷ್ಟಾದರೂ ಯಾಕೆ ಅಲ್ಲೇ ಇದ್ದೇನೆ ಅಂದ್ರೆ, ಒಂದು ಸಲ ಸರಿಯಾದ ಮೇಲೆ ಮತ್ತೆ ತೊಂದರೆ ಆಗಿಲ್ಲ. ಉಳಿತಾಯ ಖಾತೆಯಿಂದ ಬೇಕೆಂದಾಗ ತೆಗೆಯಬಹುದು. 1 ಲಕ್ಷ ಶಿಲಿಂಗ್ ಆರು ತಿಂಗಳಿಗೆ ಠೇವಣಿ ಇಟ್ಟೆ, ವರ್ಷಕ್ಕೆ 10 ಪರ್ಸೆಂಟ್ ಕೊಟ್ಟರು. 5,000 ಬಡ್ಡಿಯಲ್ಲಿ 15 ಪರ್ಸೆಂಟ್ ತೆರಿಗೆ ಹಿಡಿದು ಕೈಗೆ 4,250 ಬಂತು. ಊರಿನ ಟಿಕೆಟ್ಟಿಗೆ ಅಷ್ಟು ಹಗುರ.

ಇನ್ನೊಂದು, ಕೆಡಿಐಸಿ ವಿಮೆ. ಕೆಡಿಐಸಿ ಅಂದ್ರೆ ಇಲ್ಲಿನ ಸರ್ಕಾರಿ ಠೇವಣಿ ವಿಮಾ ಸಂಸ್ಥೆ. ಮೈಕ್ರೋಫೈನಾನ್ಸ್ ಬ್ಯಾಂಕು ಮುಳುಗಿದರೂ ಒಬ್ಬರಿಗೆ 5 ಲಕ್ಷ ಶಿಲಿಂಗ್ ವರೆಗೆ ರಕ್ಷಣೆ ಇದೆ. 2020ಕ್ಕೆ ಮುಂಚೆ 1 ಲಕ್ಷ ಮಾತ್ರ ಇತ್ತು. ಸ್ಯಾಕೊ ಠೇವಣಿ ಈ ವಿಮೆಯೊಳಗೆ ಬರುವುದಿಲ್ಲ. 2015ರಲ್ಲಿ ಇಂಪೀರಿಯಲ್ ಬ್ಯಾಂಕು, ಮರುವರ್ಷ ಚೇಸ್ ಬ್ಯಾಂಕು ಕಷ್ಟಕ್ಕೆ ಸಿಕ್ಕಿ, ಆಡಳಿತ ವಹಿಸಿಕೊಳ್ಳುವ ರಿಸೀವರ್ ಕೈಗೆ ಹೋದದ್ದನ್ನು ಇಲ್ಲಿನ ಹಳಬರು ಇನ್ನೂ ಮಾತಾಡುತ್ತಾರೆ. ಅಮ್ಮನಿಗೂ ನಾನು ಹೇಳಿದ್ದು ಇದನ್ನೇ, ಆಮೇಲೆ ಸುಮ್ಮನಾದರು.

ಗುರುವಾರ ಮಧ್ಯಾಹ್ನ ಹೋದರೆ ಚಾಮಾದ (ಉಳಿತಾಯ ಗುಂಪಿನ) ಹೆಂಗಸರು ಬೆಂಚಿನ ತುಂಬಾ ಕೂತಿರುತ್ತಾರೆ. ಒಬ್ಬರ ಮಡಿಲಲ್ಲಿ ನೀಲಿ ರಟ್ಟಿನ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಬೀಗ ಹಾಕಿದ ತಗಡಿನ ಪೆಟ್ಟಿಗೆ. 200 ಶಿಲಿಂಗಿನ ನೋಟನ್ನೂ ಎರಡೆರಡು ಸಲ ಎಣಿಸುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯೇ ಕಣ್ಣ ಮುಂದೆ ಬರುತ್ತದೆ. ಕೌಂಟರಿನಲ್ಲಿ ಅವರಿಗೆ ಅವಸರ ಮಾಡುವುದಿಲ್ಲ. ನನಗೂ ಮಾಡುವುದಿಲ್ಲ.

ನೀವೂ ಇಲ್ಲಿ ಖಾತೆ ತೆರೆಯುವುದಾದರೆ ಮೊದಲು ಪಾಸ್‌ಪೋರ್ಟು, ವಿದೇಶಿಯರಿಗೆ ಕೊಡುವ ಏಲಿಯನ್ ಕಾರ್ಡು, ಕೆಆರ್‌ಎ ಪಿನ್ನು (ತೆರಿಗೆ ನಂಬರು), ಸಿಮ್ಮು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಒಂದಕ್ಷರ ಬೇರೆ ಇದ್ದರೂ ಅಫಿಡವಿಟ್ ಮಾಡಿಸಿಯೇ ಹೋಗಿ. ಮೊದಲ ದಿನವೇ 100 ಶಿಲಿಂಗ್ ಹಾಕಿ, ಅದನ್ನೇ ವಾಪಸ್ ಫೋನಿಗೆ ತೆಗೆದು ನೋಡಿ. ಅದು ಬಂದ ಮೇಲೆ ಉಳಿದದ್ದನ್ನು ಹಾಕಿ.