ರೈಸ್ ಮಿಲ್ ಕೆಲಸಕ್ಕೆ ಕ್ಯಾಪೆಲ್ಲಾ: ಕೆಲವು ವರ್ಷ ಬಳಸಿದ ಮೇಲೆ

ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಸಣ್ಣ ತಂಡ ನಮ್ಮದು. ವೈರಿಂಗ್ ಶುರು ಮಾಡುವ ಮುಂಚೆ ಇಡೀ ಮಿಲ್ಲಿನ ಮಾಡೆಲ್, ಅಂದರೆ ಯಾವ ಯಂತ್ರ ಏನು ಮಾಡುತ್ತದೆ, ಯಾವುದಕ್ಕೆ ಜೋಡಣೆ ಅನ್ನುವ ಚಿತ್ರಗಳನ್ನು ಬರೆಯುತ್ತೇವೆ. ಅದಕ್ಕೆ ಬಳಸುವುದು ಕ್ಯಾಪೆಲ್ಲಾ. ಫ್ರಾನ್ಸಿನ ಥೇಲ್ಸ್ ಕಂಪನಿಯೊಳಗೆ ಬೆಳೆದ ಈ ಸಾಫ್ಟ್‌ವೇರ್ 2014ರಲ್ಲಿ ಎಲ್ಲರಿಗೂ ಮುಕ್ತವಾಯಿತು. ದುಡ್ಡು ಕೊಡಬೇಕಿಲ್ಲ.

ಇಂಥ ಮಾಡೆಲ್ ಬರೆಯಲು ಸಿಸ್‌ಎಂಎಲ್ ಅನ್ನುವ ಪ್ರಮಾಣಿತ ಚಿತ್ರಭಾಷೆ ಇದೆ. ಕ್ಯಾಪೆಲ್ಲಾದ ಚಿತ್ರಭಾಷೆ ಅದಕ್ಕೆ ಹತ್ತಿರದ್ದು, ಆದರೆ ಅದೇ ಅಲ್ಲ. ಸಿಸ್‌ಎಂಎಲ್ ಒಂಬತ್ತು ಬಗೆಯ ಚಿತ್ರ ಕೊಡುತ್ತದೆ, ಯಾವುದರಿಂದ ಶುರು ಮಾಡಬೇಕು ಅಂತ ಹೇಳುವುದಿಲ್ಲ. ಕ್ಯಾಪೆಲ್ಲಾ ಒಳಗೆ ಆರ್ಕೇಡಿಯಾ ಅನ್ನುವ ವಿಧಾನ ಇದೆ. ಬಳಸುವವರಿಗೆ ಏನು ಬೇಕು, ವ್ಯವಸ್ಥೆ ಏನು ಮಾಡಬೇಕು, ಆ ಕೆಲಸ ಒಳಗೆ ಹೇಗೆ ಹಂಚಿಕೆಯಾಗುತ್ತದೆ, ಕೊನೆಗೆ ಯಾವ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರ್), ಯಾವ ಮೋಟಾರ್. ಹೀಗೆ ಮೇಲಿಂದ ಕೆಳಗೆ ಇಳಿಸುತ್ತದೆ. ಕೈ ಹಿಡಿದು ನಡೆಸುವವರು ಇಲ್ಲದ ನಮ್ಮಂಥ ತಂಡಕ್ಕೆ ಇದೇ ದೊಡ್ಡ ಅನುಕೂಲ.

ನನಗೆ ತುಂಬಾ ಇಷ್ಟವಾದದ್ದು ಫಂಕ್ಷನಲ್ ಚೈನ್, ಅಂದರೆ ಒಂದರ ಹಿಂದೆ ಒಂದು ನಡೆಯುವ ಕೆಲಸಗಳ ಸರಣಿ. ಮಿಲ್ಲಿನ ಯಂತ್ರಗಳ ಸಾಲು ನೋಡಿ: ಕ್ಲೀನರ್, ಭತ್ತ ಸುಲಿಯುವ ಶೆಲ್ಲರ್, ಸೆಪರೇಟರ್, ಪಾಲಿಷರ್, ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್, ನಡುನಡುವೆ ಮಾಲು ಮೇಲೆತ್ತುವ ಎಲಿವೇಟರ್. ಪಾಲಿಷರ್ ಟ್ರಿಪ್ ಆದರೆ ಅದರ ಹಿಂದಿನದೆಲ್ಲ ನಿಲ್ಲಬೇಕು, ಇಲ್ಲದಿದ್ದರೆ ಎಲಿವೇಟರ್ ಬುಡದಲ್ಲಿ ಮಾಲು ತುಂಬಿ ಜಾಮ್ ಆಗುತ್ತದೆ. ಮತ್ತೆ ಚಾಲೂ ಮಾಡುವಾಗ ಕೊನೆಯ ಯಂತ್ರದಿಂದ ಹಿಂದಕ್ಕೆ ಬರಬೇಕು. ಇದರ ಮೇಲೆ, ಸುಲಿಯದೆ ಉಳಿದ ಭತ್ತ ಸೆಪರೇಟರಿನಿಂದ ಶೆಲ್ಲರಿಗೆ ವಾಪಸ್ ಬರುವ ದಾರಿ ಬೇರೆ. ಈ ದಾರಿಗಳನ್ನೆಲ್ಲ ಚೈನ್ ಆಗಿ ಗುರುತು ಮಾಡಿದರೆ ಚಿತ್ರದಲ್ಲಿ ದಪ್ಪ ಬಣ್ಣದ ಗೆರೆಯಾಗಿ ಎದ್ದು ಕಾಣುತ್ತವೆ. ಯಾವುದು ನಿಂತರೆ ಯಾವುದು ನಿಲ್ಲಬೇಕು ಅನ್ನುವ ಇಂಟರ್‌ಲಾಕ್ ಪಟ್ಟಿ ಅಲ್ಲಿಂದಲೇ ಬರೆಯುತ್ತೇವೆ.

ಒಂದು ಮಿಲ್ಲಿನಲ್ಲಿ ಪ್ರಿಂಟ್ ಹಾಸಿ ಆಪರೇಟರಿಗೆ ತೋರಿಸಿದಾಗ ಅವರು ಗೆರೆ ಮೇಲೆ ಬೆರಳಾಡಿಸಿ, "ತೌಡಿನ ಬ್ಲೋವರ್ ಎಲ್ಲೈತ್ರೀ ಸರ? ಅದು ನಿಂತ್ರ ಪಾಲಿಷರ್ ನಡಿಸಬಾರದ್ರಿ" ಅಂದರು. ನೂರಾರು ಸಾಲಿನ ಪ್ರೋಗ್ರಾಂ ತೋರಿಸಿದ್ದರೆ ಈ ಮಾತು ಬರುತ್ತಿತ್ತಾ? ಆವತ್ತೇ ಬ್ಲೋವರ್ ಸೇರಿಸಿದೆವು. ಒಂದು ಕಡೆ ಹೆಸರು ಬದಲಿಸಿದರೆ ಎಲ್ಲ ಚಿತ್ರಗಳಲ್ಲೂ ಬದಲಾಗುತ್ತದೆ. ಯಾವ ಯಂತ್ರಕ್ಕೂ ಹಂಚದೆ ಉಳಿದ ಕೆಲಸವನ್ನು ವ್ಯಾಲಿಡೇಶನ್ ಎತ್ತಿ ತೋರಿಸುತ್ತದೆ. ಸುಮ್ನೆ ಡಬ್ಬಿ, ಬಾಣ ಬರೆಯುವ ಸಾಫ್ಟ್‌ವೇರಿನಲ್ಲಿ ಇದು ಸಿಗಲ್ಲ.

ಕೊರತೆಗಳೂ ಇವೆ. ಲೆಕ್ಕದ ಸೂತ್ರಗಳನ್ನು ಬರೆಯುವ ಸಿಸ್‌ಎಂಎಲ್‌ನ ಪ್ಯಾರಾಮೆಟ್ರಿಕ್ ಚಿತ್ರದಂಥದ್ದು ಇಲ್ಲಿಲ್ಲ, ಹಾಗಾಗಿ ಮೋಟಾರ್ ಲೋಡಿನ ಲೆಕ್ಕ ಎಕ್ಸೆಲ್‌ನಲ್ಲೇ ನಡೆಯುತ್ತದೆ. ಗ್ರಾಹಕರ ಬೇಡಿಕೆಗಳನ್ನು ಮಾಡೆಲಿಗೆ ಜೋಡಿಸಲು ಆಡ್‌ಆನ್ ಬೇರೆ ಹಾಕಿಕೊಳ್ಳಬೇಕು. ಹಳೆ ಲ್ಯಾಪ್‌ಟಾಪಿನಲ್ಲಿ ತೆವಳುತ್ತದೆ. ನನಗೆ ಜಾಸ್ತಿ ಬೇಸರ ತರುವುದು ಇಬ್ಬರು ಒಟ್ಟಿಗೆ ಕೆಲಸ ಮಾಡುವುದು. ಅದಕ್ಕಿರುವ ಟೀಮ್ ಫಾರ್ ಕ್ಯಾಪೆಲ್ಲಾಗೆ ದುಡ್ಡು ಕೊಡಬೇಕು. ಫೈಲುಗಳ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಇಟ್ಟರೆ ಇಬ್ಬರ ಬದಲಾವಣೆ ಸೇರಿಸುವಷ್ಟರಲ್ಲಿ ತಲೆ ಬಿಸಿಯಾಗುತ್ತದೆ. ಅದಕ್ಕೇ ನಾವು ಸರದಿ ಮೇಲೆ ಫೈಲ್ ತೆರೆಯುತ್ತೇವೆ.

2025ರಲ್ಲಿ ಸಿಸ್‌ಎಂಎಲ್‌ನ ಎರಡನೇ ಆವೃತ್ತಿಗೆ ಆ ಭಾಷೆಯ ಮಾನದಂಡ ನೋಡಿಕೊಳ್ಳುವ ಒಎಂಜಿ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಚಿತ್ರದ ಜೊತೆಗೆ ಅಕ್ಷರದಲ್ಲೂ ಮಾಡೆಲ್ ಬರೆಯಬಹುದು. ಗಿಟ್ ಬಳಸುವವರಿಗೆ ಅದು ಒಗ್ಗುತ್ತದೆ, ಹೊಸ ಹುಡುಗರು ಅದನ್ನೂ ಕಲಿಯಲಿ ಅನ್ನುವುದು ನನ್ನ ಆಸೆ. ಆದರೆ ಮಿಲ್ಲಿನವರ ಮುಂದೆ ಹಾಸಿ ಮಾತಾಡುವ ಕೆಲಸಕ್ಕೆ ನಾನಿನ್ನೂ ಕ್ಯಾಪೆಲ್ಲಾವನ್ನೇ ಹೇಳುತ್ತೇನೆ. ಕ್ಯಾಪೆಲ್ಲಾದ ಹೊಸ ಆವೃತ್ತಿಗೆ ಹೋಗುವಾಗ ಮಾತ್ರ ಹಳೆ ಪ್ರಾಜೆಕ್ಟಿನ ಪ್ರತಿ ತೆಗೆದಿಡಿ. ಒಮ್ಮೆ ಮೈಗ್ರೇಟ್ ಮಾಡಿದ, ಅಂದರೆ ಹೊಸ ಆವೃತ್ತಿಗೆ ಬದಲಿಸಿದ ಮಾಡೆಲನ್ನು ಹಳೆ ಆವೃತ್ತಿಯಲ್ಲಿ ತೆರೆಯಲು ಆಗಲ್ಲ.