ಪಿ ಟೆಸ್ಟ್, ಪಿ ಕ್ಲೀನಿಂಗ್: ನ್ಯೂಜಿಲೆಂಡ್‌ನಲ್ಲಿ ಯಾವ ಸೇವೆಗೆ ದುಡ್ಡು ಕೊಡಬಹುದು?

ಮೆಥಾಂಫೆಟಮೈನ್ (ಮೆತ್) ಎಂಬ ಮಾದಕ ದ್ರವ್ಯಕ್ಕೆ ನ್ಯೂಜಿಲೆಂಡ್‌ನಲ್ಲಿ ‘ಪಿ’ ಎಂದರೇ ಬೇಗ ಅರ್ಥವಾಗುತ್ತದೆ. ಮನೆಯೊಳಗೆ ಯಾರಾದರೂ ಅದನ್ನು ಸೇದಿದ್ದರೆ ಅಥವಾ ತಯಾರಿಸಿದ್ದರೆ ಅದರ ಅಂಶ ಗೋಡೆ, ಸೂರು, ಕಾರ್ಪೆಟ್‌ಗಳಲ್ಲಿ ಉಳಿದುಬಿಡುತ್ತದೆ. ಆಕ್ಲೆಂಡ್ ಕಡೆ ಮನೆ ಕೊಳ್ಳಲು ಅಥವಾ ಬಾಡಿಗೆಗೆ ಕೊಡಲು ಹೊರಟ ಕನ್ನಡಿಗರ ಮುಂದೆಯೂ ಈ ಟೆಸ್ಟಿನ ಮಾತು ಬಂದೇ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವುದು ನಾಲ್ಕು ಸರಕು: ನಾವೇ ಮಾಡಿಕೊಳ್ಳುವ ಕಿಟ್, ಇಡೀ ಮನೆಗೆ ಒಂದೇ ಸಂಖ್ಯೆ ಕೊಡುವ ಕಾಂಪೋಸಿಟ್ ಟೆಸ್ಟ್, ಕೋಣೆಕೋಣೆಗೆ ಬೇರೆ ಬೇರೆ ಸಂಖ್ಯೆ ಕೊಡುವ ವಿವರವಾದ ಟೆಸ್ಟ್, ಕೊನೆಗೆ ಕ್ಲೀನಿಂಗ್. ಇವುಗಳಲ್ಲಿ ಮೂರನೆಯದು ಕೊಟ್ಟ ಕಾಸಿಗೆ ಮೋಸವಿಲ್ಲ. ಮೊದಲನೆಯದು ಬಹುಪಾಲು ದಂಡ.

ಸಂಖ್ಯೆ ಓದಲು ಬರದಿದ್ದರೆ ಯಾವ ಟೆಸ್ಟ್ ಮಾಡಿಸಿಯೂ ಉಪಯೋಗವಿಲ್ಲ. ಅಳತೆ 100 ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿರುತ್ತದೆ, ಅಂದರೆ ಅಂಗೈಯಗಲದ ಜಾಗದಲ್ಲಿ ಸಿಕ್ಕ ಮೊತ್ತ. ಮೆತ್ ಪರೀಕ್ಷೆ, ಕ್ಲೀನಿಂಗ್ ಕುರಿತ ನ್ಯೂಜಿಲೆಂಡ್‌ನ ಎನ್‌ಜೆಡ್‌ಎಸ್ 8510:2017 ಮಾನದಂಡ ಹೆಚ್ಚು ಬಳಸುವ ಕೋಣೆಗಳಿಗೆ 1.5, ಅಟ್ಟದಂಥ ಅಪರೂಪದ ಜಾಗಗಳಿಗೆ 3.8 ಎಂದು ಗೆರೆ ಎಳೆಯಿತು. ಮರುವರ್ಷ, 2018ರ ಮೇ ತಿಂಗಳಲ್ಲಿ, ಆಗ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಸರ್ ಪೀಟರ್ ಗ್ಲಕ್‌ಮನ್ ಅವರ ವರದಿ ಆ ಗೆರೆಯನ್ನೇ ಪ್ರಶ್ನಿಸಿತು. ಪಿ ತಯಾರಿಸಿರದ ಮನೆಯಲ್ಲಿ 15ಕ್ಕಿಂತ ಕಡಿಮೆ ಇದ್ದರೆ ವಾಸಿಸುವವರಿಗೆ ಹಾನಿಯಾಗುವ ಸಂಭವ ತೀರಾ ಕಡಿಮೆ ಎಂದಿತು. 30 ದಾಟಿದರೆ ಅಲ್ಲಿ ತಯಾರಿಕೆಯೇ ನಡೆದಿರಬಹುದು ಎಂಬ ಸೂಚನೆ. ಆ ಹೊತ್ತಿಗಾಗಲೇ ಸರ್ಕಾರಿ ಬಾಡಿಗೆ ಮನೆಗಳ ಸಂಸ್ಥೆ ಹೌಸಿಂಗ್ ನ್ಯೂಜಿಲೆಂಡ್ ನೂರಾರು ಬಾಡಿಗೆದಾರರನ್ನು ಮನೆ ಬಿಡಿಸಿತ್ತು. ಅದೇ ವರ್ಷ ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು. ಹೀಗಾಗಿ 2.1 ಬಂತೆಂದು ಗಾಬರಿ ಹುಟ್ಟಿಸಿ, ಅದೇ ಉಸಿರಿನಲ್ಲಿ ಕ್ಲೀನಿಂಗ್ ಕೊಟೇಶನ್ ಕೈಗಿಡುವವರ ಬಗ್ಗೆ ಎಚ್ಚರ ಇರಲಿ.

ಕಿಟ್ ವಿಷಯ ಚುಟುಕಾಗಿ ಹೇಳಿ ಮುಗಿಸಬಹುದು. ಅದು ಹೌದು ಅಥವಾ ಇಲ್ಲ ಎನ್ನುವ ಪಟ್ಟಿ (ಸ್ಟ್ರಿಪ್). 0.5ಕ್ಕೆ ಹೊಂದಿಸಿದ ಕಿಟ್ ‘ಹೌದು’ ಎಂದರೆ ಮನೆಯಲ್ಲಿರುವುದು 0.6 ಆಗಿರಬಹುದು, 60ಕ್ಕೂ ಹೆಚ್ಚಿರಬಹುದು. ಎಂಡಿಎಂಎಯಂಥ ಹತ್ತಿರದ ರಾಸಾಯನಿಕಕ್ಕೂ ಕೆಲವು ಪಟ್ಟಿಗಳು ಹೌದೆನ್ನುತ್ತವೆ. ಪೊಲೀಸರಿಗೆ, ತುರ್ತಾಗಿ ಒಳಗೆ ಹೋಗಬೇಕಾದವರಿಗೆ ಇದು ಸರಿ. ಮನೆ ವ್ಯವಹಾರಕ್ಕೆ ಸಾಲದು.

ಕಾಂಪೋಸಿಟ್ ಟೆಸ್ಟ್ ಅಗ್ಗ, ಅದಕ್ಕೇ ಜನಪ್ರಿಯ. ಹತ್ತು ಜಾಗ ಒರೆಸಿ ಎಲ್ಲವನ್ನೂ ಒಂದೇ ಮಾದರಿಯಾಗಿ ಲ್ಯಾಬಿಗೆ ಕೊಡುತ್ತಾರೆ. ಒಟ್ಟು 12 ಮೈಕ್ರೋಗ್ರಾಂ ಬಂತು ಎನ್ನಿ. ಹತ್ತರಿಂದ ಭಾಗಿಸಿದರೆ 1.2, ಮಾನದಂಡದ 1.5ರ ಗೆರೆಯಲ್ಲಿ ಮನೆ ಪಾಸು. ಭಾಗಿಸದೆ ಓದಿದರೆ 12, ಮನೆ ಫೇಲು. ನಿಜದಲ್ಲಿ ಎಲ್ಲವೂ ಒಂದು ಮಲಗುವ ಕೋಣೆಯಲ್ಲೇ ಇದ್ದು ಉಳಿದ ಒಂಬತ್ತು ಜಾಗ ಶುದ್ಧವಾಗಿರಲೂಬಹುದು. ಹತ್ತು ಮನೆಯ ಹಾಲನ್ನು ಒಂದೇ ಕ್ಯಾನಿಗೆ ಸುರಿದುಕೊಂಡು ನೀರು ಬೆರೆಸಿದ್ದು ಯಾರು ಎಂದು ಹುಡುಕಿದ ಹಾಗೆ! ಆದ್ದರಿಂದ ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ವರದಿಯ ಸಂಖ್ಯೆ ಒಟ್ಟೋ ಸರಾಸರಿಯೋ? ಪ್ರತಿ ಜಾಗದ ಮಾದರಿ ಬೇರೆ ಸೀಸೆಯಲ್ಲಿ ಇರುತ್ತದೋ ಇಲ್ಲವೋ? ಬೇರೆ ಬೇರೆ ಸೀಸೆಗಳಲ್ಲಿ ತೆಗೆದುಕೊಂಡು, ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ಬೆರೆಸಿ ಲ್ಯಾಬಿನಲ್ಲಿ ಮೊದಲು ನೋಡುವ ಪದ್ಧತಿಯಿದೆ. ಸಂಖ್ಯೆ ಜಾಸ್ತಿ ಬಂದರೆ ಉಳಿದ ದ್ರಾವಣದಿಂದಲೇ ಒಂದೊಂದನ್ನೂ ಬಿಡಿಯಾಗಿ ಅಳೆಯಬಹುದು, ಮತ್ತೆ ಮನೆಗೆ ಬರುವ ಗೋಜಿಲ್ಲ. ಕಾಂಪೋಸಿಟ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ವಿವರವಾದ ಟೆಸ್ಟಿನ ಗುಣಮಟ್ಟ ನಿಂತಿರುವುದು ಒರೆಸುವ ಕೈಯ ಮೇಲೆ. ಒಳ್ಳೆಯ ಕೆಲಸಗಾರ 10 ಸೆಂ.ಮೀ. ಉದ್ದಗಲದ ಚೌಕಟ್ಟನ್ನು ಗೋಡೆಗೆ ಅಂಟಿಸಿ, ಮೆಥನಾಲ್ ಅಥವಾ ಐಸೊಪ್ರೊಪನಾಲ್‌ನಲ್ಲಿ ತೇವ ಮಾಡಿದ ಗಾಜ್ ಬಟ್ಟೆಯಿಂದ ಮೊದಲು ಅಡ್ಡಡ್ಡ ಒರೆಸುತ್ತಾನೆ. ಕೊಳೆ ಮುಖ ಒಳಗಾಗುವಂತೆ ಮಡಿಚಿ, ಅದೇ ಚೌಕದಲ್ಲಿ ಮೇಲಿನಿಂದ ಕೆಳಕ್ಕೆ ಒರೆಸುತ್ತಾನೆ. ಇನ್ನೊಮ್ಮೆ ಮಡಿಚಿ ಮತ್ತೆ ಅಡ್ಡಡ್ಡ. ಪ್ರತಿ ಜಾಗಕ್ಕೂ ಹೊಸ ಗ್ಲೌಸ್. ಗೋಡೆ ಮುಟ್ಟದ ಒಂದು ಖಾಲಿ ಬಟ್ಟೆಯೂ ಲ್ಯಾಬಿಗೆ ಹೋಗಬೇಕು. ಅದರಲ್ಲೂ ಮೆತ್ ಕಂಡರೆ ಇಡೀ ದಿನದ ಮಾದರಿಗಳ ಮೇಲೆ ಸಂಶಯ. ಒಂದೇ ಗ್ಲೌಸಿನಲ್ಲಿ ಮನೆಯೆಲ್ಲ ಸುತ್ತುವವರು, ಕಣ್ಣಳತೆಯಲ್ಲಿ ಚೌಕ ಒರೆಸುವವರು ಬಂದರೆ ಅಲ್ಲಿಗೇ ನಿಲ್ಲಿಸಿ. ಒಲೆಯ ಮೇಲೆ ಹೊಗೆ ಹೀರುವ ರೇಂಜ್‌ಹುಡ್‌ನ ಜಿಡ್ಡು ಅಥವಾ ಎಕ್ಸಾಸ್ಟ್ ಫ್ಯಾನಿನ ಧೂಳನ್ನಷ್ಟೇ ಒರೆಸಿದರೆ ಸಂಖ್ಯೆ ಏರುತ್ತದೆ, ಆದರೆ ಅದು ಕೋಣೆಯ ಸ್ಥಿತಿಯನ್ನು ಹೇಳುವುದಿಲ್ಲ. ಲ್ಯಾಬಿನಲ್ಲಿ ಅಳೆಯುವುದು ಮಾಸ್ ಸ್ಪೆಕ್ಟ್ರೋಮೀಟರಿನಿಂದ. ಆ ಪರೀಕ್ಷೆಗೆ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಐಎಎನ್‌ಜೆಡ್‌ನ ಮಾನ್ಯತೆ ಇದೆಯೇ ನೋಡಿಕೊಳ್ಳಿ.

ಇನ್ನು ಕ್ಲೀನಿಂಗ್. ಅತಿ ಹೆಚ್ಚು ದುಡ್ಡು ಹೋಗುವುದು, ಅತಿ ಹೆಚ್ಚು ಬುರುಡೆ ಕೇಳಿಬರುವುದು ಇಲ್ಲೇ. ಓಝೋನ್ ಯಂತ್ರ ಇಟ್ಟು ಹೋಗುವುದು, ಬರೀ ಮಂಜಿನಂತೆ ದ್ರಾವಣ ಹಾರಿಸಿ ಬಾಗಿಲು ಹಾಕಿಕೊಳ್ಳುವುದು, ಎರಡೂ ತೊಳೆಯುವ ಕೆಲಸಕ್ಕೆ ಸಾಟಿಯಲ್ಲ. ಅಂಶ ಕೂತಿರುವುದು ಮೇಲ್ಮೈಯಲ್ಲಿ, ಅದನ್ನು ಉಜ್ಜಿ ಎತ್ತಿ ಹೊರಗೆ ಸಾಗಿಸಬೇಕು. ಕ್ರಮ ಹೀಗಿರಬೇಕು: ಕಿಟಕಿ ತೆರೆದು ಮನೆಗೆ ಗಾಳಿಯಾಡಿಸುವುದು, ಮಲಿನವಾದ ಕಾರ್ಪೆಟ್ ಮತ್ತು ಅಡಿಪದರ, ಪರದೆಗಳನ್ನು ತೆಗೆದುಹಾಕುವುದು, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಆಮೇಲೆ ಸೂರಿನಿಂದ ಶುರುಮಾಡಿ ನೆಲದವರೆಗೆ ಡಿಟರ್ಜೆಂಟ್ ತೊಳೆತ. ಪ್ರತಿ ಸುತ್ತಿನ ನಂತರ ಒಳ್ಳೆಯ ನೀರಿನಲ್ಲಿ ಒರೆಸಬೇಕು. ಇಂಥ ಮೂರು ಸುತ್ತು. ಬಕೆಟ್ಟಿನ ನೀರು, ಬಟ್ಟೆ ಬದಲಾಗುತ್ತಿರಬೇಕು. ಇಲ್ಲದಿದ್ದರೆ ಒಂದು ಕೋಣೆಯ ಪಿ ಮುಂದಿನ ಕೋಣೆಗೆ ಹೋಗುತ್ತದೆ, ಅಷ್ಟೇ. ಬ್ಲೀಚ್ ಬೇಡ: ಮೆತ್ ಜೊತೆ ಸೇರಿ ಏನಾಗುತ್ತದೆ ಎಂಬುದು ಸ್ಪಷ್ಟವಿಲ್ಲದ ಕಾರಣ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಅದನ್ನು ಶಿಫಾರಸು ಮಾಡುವುದಿಲ್ಲ.

ಗಾಜು, ಉಕ್ಕು, ಟೈಲ್ಸ್ ಸಲೀಸು. ತಕರಾರು ಮಾಡುವುದು ಬಣ್ಣ ಹಚ್ಚಿದ ಜಿಬ್ ಬೋರ್ಡ್, ಅಂದರೆ ಗೋಡೆಗೆ ಹಾಕುವ ಜಿಪ್ಸಮ್ ಹಲಗೆ. ಮೆತ್ ಬಣ್ಣದೊಳಗೂ ಬೋರ್ಡಿನೊಳಗೂ ಇಳಿದಿರುತ್ತದೆ, ತೊಳೆದಾಗ ಮೇಲ್ಪದರದ್ದು ಮಾತ್ರ ಹೋಗುತ್ತದೆ, ದಿನ ಕಳೆದಂತೆ ಒಳಗಿನದು ಮೆಲ್ಲಗೆ ಹೊರಬರುತ್ತದೆ. ತೊಳೆದ ದಿನವೇ, ಗೋಡೆ ಇನ್ನೂ ಹಸಿಯಾಗಿರುವಾಗ ಮರುಪರೀಕ್ಷೆ ಮಾಡಿ ‘ಪಾಸು’ ಎನ್ನುವವರ ಚಮತ್ಕಾರದ ಗುಟ್ಟು ಇದೇ. ಗೋಡೆ ಪೂರ್ತಿ ಒಣಗಿ, ಮನೆ ಕೆಲವು ದಿನ ಮಾಮೂಲಿನಂತೆ ಬೆಚ್ಚಗಿದ್ದ ನಂತರ ತೆಗೆದ ಮಾದರಿಯನ್ನಷ್ಟೇ ನಂಬಿ. ಆಗಲೂ ಇಳಿಯದ ಬೋರ್ಡನ್ನು ಕಿತ್ತು ಹೊಸದು ಹಾಕಿಸುವುದೇ ಅಗ್ಗ. ಮರುಪರೀಕ್ಷೆಗೆ ಮುಂಚೆ ಬಣ್ಣ ಬಳಿಯಲು ಬಿಡಬೇಡಿ. ಬಳಿಯುವ ಹೊತ್ತು ಬಂದಾಗಲೂ ನೀರಿನ ಲೇಟೆಕ್ಸ್ ಬಣ್ಣಕ್ಕಿಂತ ಎಣ್ಣೆ ಆಧಾರದ ಬಣ್ಣ ಚೆನ್ನಾಗಿ ತಡೆಯುತ್ತದೆ. ಕೋಣೆ ಬೆಚ್ಚಗಿಡುವ ಹೀಟ್ ಪಂಪ್ ಮರೆತುಹೋಗುವ ಜಾಗ. ಫಿಲ್ಟರ್ ಬದಲಿಸದೆ, ಒಳಭಾಗ ತೊಳೆಯದೆ ಚಾಲೂ ಮಾಡಿದರೆ ತೊಳೆದ ಕೋಣೆಗೆ ಹಳೆಯ ಧೂಳನ್ನೇ ಊದುತ್ತದೆ.

ಇಷ್ಟೆಲ್ಲ ಹೇಳಿದ್ದು ಸೇದಿದ ಮನೆಗಳಿಗೆ. ಗೋಡೆಯಲ್ಲಿ ಹಳದಿ, ಕಂದು ಅಯೋಡಿನ್ ಕಲೆ, ತಿಂದುಹೋದ ಸಿಂಕು, ದ್ರಾವಕದ ವಾಸನೆ ಕಂಡರೆ ತಯಾರಿಕೆಯ ಶಂಕೆ. ಅಲ್ಲಿ ಮೆತ್ ಒಂದನ್ನೇ ಅಳೆದರೆ ಸಾಲದು; ಆಮ್ಲ, ದ್ರಾವಕ, ವಿಧಾನಕ್ಕೆ ತಕ್ಕಂತೆ ಪಾದರಸ, ಸೀಸವನ್ನೂ ನೋಡಬೇಕು. ಚರಂಡಿ, ಸೆಪ್ಟಿಕ್ ಟ್ಯಾಂಕ್ ಕೂಡ ಲೆಕ್ಕಕ್ಕೆ ಬರುತ್ತವೆ.

ಟೆಸ್ಟೂ ನಾವೇ, ಕ್ಲೀನಿಂಗೂ ನಾವೇ, ಮರುಪರೀಕ್ಷೆಯೂ ನಾವೇ ಎನ್ನುವ ಪ್ಯಾಕೇಜಿಗೆ ನಮ್ಮಿಂದ ಐದಕ್ಕೆ ಒಂದು ಅಂಕ, ಬೆಲೆ ಎಷ್ಟೇ ಇಳಿಸಿರಲಿ. ಮರುಪರೀಕ್ಷೆಗೆ ಬೇರೆಯವರನ್ನು ನೀವೇ ಕರೆಸಿ. ಕ್ಲೀನಿಂಗ್ ಒಪ್ಪಂದದಲ್ಲಿ ಯಾವ ಸಂಖ್ಯೆಗೆ ಇಳಿಸಿದರೆ ಕೆಲಸ ಮುಗಿದಂತೆ ಎಂದು ಕೋಣೆವಾರು ಬರೆಸಿಕೊಳ್ಳಿ. ಇಳಿಯದಿದ್ದರೆ ಮುಂದಿನ ತೊಳೆತದ ಖರ್ಚು ಯಾರದ್ದು ಎಂಬುದೂ ಅದರಲ್ಲೇ ಇರಲಿ. ವಿಮೆಯ ಹಣ ನಂಬಿಕೊಂಡಿದ್ದರೆ ಪಾಲಿಸಿಯಲ್ಲಿ ಯಾವ ಮಟ್ಟದ ಮೇಲೆ ಕೊಡುತ್ತೇವೆ ಎಂದಿದೆಯೋ ಅದನ್ನು ಕೆಲಸಗಾರರು ಬಕೆಟ್ ಇಳಿಸುವ ಮುಂಚೆಯೇ ಓದಿ. ತೊಳೆದ ಗೋಡೆಯಿಂದ ಹಳೆಯ ಸಂಖ್ಯೆಯನ್ನು ಮತ್ತೆ ತೆಗೆಯಲಾಗದು.